ಸನಿಕೆಯನ್ನು ಸನಿಕೆ ಎನ್ನುವ ಮುನ್ನ

ಪ್ರಶ್ನೆ: ಮಾನ್ಯರೇ, ನಾನು ಹುಬ್ಬಳ್ಳಿಯವಳು, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮನಸ್ಸಿನಲ್ಲಿದ್ದುದನ್ನು ಇಂಗ್ಲಿಷಿನಲ್ಲಿ ನೇರವಾಗಿ ಹೇಳುವುದು ಈಗಲೂ ಕಷ್ಟ. ಅದಕ್ಕಾಗಿ ನುಡಿಗಟ್ಟುಗಳನ್ನು ಬರೆದಿಟ್ಟುಕೊಂಡು ಕಲಿಯುತ್ತಿದ್ದೇನೆ. ಕಳೆದ ತಿಂಗಳು ಅಮೆರಿಕದ ಗ್ರಾಹಕರ ಜೊತೆಗಿನ ಸಭೆಯಲ್ಲಿ ‘ಲೆಟ್ ಮಿ ಕಾಲ್ ಎ ಸ್ಪೇಡ್ ಎ ಸ್ಪೇಡ್’ ಎಂದು ಮಾತು ಆರಂಭಿಸಿದಾಗ ಆ ಕಡೆಯವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ನಮ್ಮ ಮ್ಯಾನೇಜರ್ ‘ಆ ಮಾತು ಇನ್ನು ಬೇಡ’ ಎಂದರೇ ಹೊರತು ಕಾರಣ ಹೇಳಲಿಲ್ಲ. ನನ್ನಿಂದಾದ ತಪ್ಪೇನು?

ಉತ್ತರ: ನಿಮ್ಮ ವ್ಯಾಕರಣದಲ್ಲಿ ತಪ್ಪಿಲ್ಲ, ಉದ್ದೇಶದಲ್ಲಂತೂ ಇಲ್ಲವೇ ಇಲ್ಲ. ಆ ನುಡಿಗಟ್ಟು ಸಾಗಿ ಬಂದ ದಾರಿಯನ್ನು ನಿಮಗೆ ಯಾರೂ ತಿಳಿಸಲಿಲ್ಲ, ಅಷ್ಟೇ.

‘ಸ್ಪೇಡ್’ ಎಂದರೆ ನೆಲ ಅಗೆಯುವ ಸನಿಕೆ. ಸನಿಕೆಯನ್ನು ಸನಿಕೆ ಎನ್ನುವುದೆಂದರೆ ಇದ್ದುದನ್ನು ಇದ್ದಂತೆ ನೇರವಾಗಿ ಹೇಳುವುದು. ಆದರೆ ಮೂಲದಲ್ಲಿ ಅಲ್ಲಿ ಸನಿಕೆಯೇ ಇರಲಿಲ್ಲ. ಮ್ಯಾಸಿಡೋನಿಯದವರು ಒರಟು ಜನ, ದೋಣಿಯಾಕಾರದ ತೊಟ್ಟಿಯನ್ನು ತೊಟ್ಟಿ ಎಂದೇ ಕರೆಯುತ್ತಾರೆ ಎಂದು ದೊರೆ ಫಿಲಿಪ್ ಹೇಳಿದನೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ತಮ್ಮನ್ನು ದ್ರೋಹಿಗಳೆಂದು ಕರೆಯುತ್ತಾರೆಂದು ದೂರು ತಂದವರಿಗೆ ಅವನು ಕೊಟ್ಟ ಉತ್ತರವದು. ಹದಿನಾರನೆಯ ಶತಮಾನದಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಈ ಮಾತನ್ನು ಲ್ಯಾಟಿನ್ನಿಗೆ ತರುವಾಗ ತೊಟ್ಟಿಯ ಜಾಗದಲ್ಲಿ ಗುದ್ದಲಿಯನ್ನು ಇಟ್ಟ. ಗ್ರೀಕಿನಲ್ಲಿ ತೊಟ್ಟಿಗೂ ಅಗೆಯುವ ಸಲಕರಣೆಗೂ ಇರುವ ಪದಗಳು ಒಂದೇ ಬೇರಿನವು. 1542ರಲ್ಲಿ ಇಂಗ್ಲಿಷ್ ಲೇಖಕ ನಿಕೋಲಸ್ ಯೂಡಲ್ ಅದನ್ನು ಇಂಗ್ಲಿಷಿಗೆ ತಂದಾಗ ‘ಸ್ಪೇಡ್’ ಬಂತು. ಅಲ್ಲಿಂದ ಸುಮಾರು ನಾಲ್ಕು ನೂರು ವರ್ಷ ಅದು ಯಾರನ್ನೂ ನೋಯಿಸದ ಮಾತಾಗಿತ್ತು. ಆದರೆ 1920ರ ದಶಕದ ಅಮೆರಿಕದಲ್ಲಿ ಇಸ್ಪೀಟಿನ ಕಪ್ಪು ಎಲೆಯಾದ ‘ಸ್ಪೇಡ್’ನ ಹೆಸರು ಕಪ್ಪು ಜನರನ್ನು ಹೀಗಳೆಯುವ ಬೈಗುಳವಾಗಿ ಬಳಕೆಗೆ ಬಂತು. ನುಡಿಗಟ್ಟಿಗೂ ಈ ಬೈಗುಳಕ್ಕೂ ಹುಟ್ಟಿನ ನಂಟು ಇಲ್ಲದಿದ್ದರೂ ಅಲ್ಲಿನ ಅನೇಕರ ಕಿವಿಯಲ್ಲಿ ಎರಡೂ ಒಟ್ಟಿಗೆ ಮೊಳಗುತ್ತವೆ. ಬ್ರಿಟನ್ನಿನಲ್ಲಿ ಇದನ್ನು ಈಗಲೂ ಸಹಜವಾಗಿ ಹೇಳುವವರಿದ್ದಾರೆ. ಹಾಗಿದ್ದರೂ ಕೇಳುವವರ ನೋವು ನಮ್ಮ ವ್ಯುತ್ಪತ್ತಿ ಜ್ಞಾನಕ್ಕಿಂತ ದೊಡ್ಡದಾದ್ದರಿಂದ ಅದನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕಷ್ಟೇ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಇನ್ನು ನೀವು ಬರೆದಿಟ್ಟುಕೊಂಡಿರಬಹುದಾದ ಉಳಿದ ಮಾತುಗಳು. ‘ಬೀಟ್ ಅರೌಂಡ್ ದ ಬುಷ್’ ಹಕ್ಕಿ ಬೇಟೆಯಿಂದ ಬಂದದ್ದು: ಹಕ್ಕಿಗಳನ್ನು ಎಬ್ಬಿಸಲು ಪೊದೆಯ ಸುತ್ತ ಬಡಿಯುತ್ತಿದ್ದರು, ಹಿಡಿಯುವ ಕೆಲಸ ಆಮೇಲಿನದು. ನಮ್ಮ ‘ಸುತ್ತಿ ಬಳಸಿ ಮಾತನಾಡುವುದು’ ಇದಕ್ಕೆ ಸರಿಹೊಂದುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ‘ಐ ವೋಂಟ್ ಬೀಟ್ ಅರೌಂಡ್ ದ ಬುಷ್’ ಎಂದು ನಿಮ್ಮ ಬಗ್ಗೆ ಹೇಳಿಕೊಂಡರೆ ಅದು ಸೌಜನ್ಯ, ‘ಸ್ಟಾಪ್ ಬೀಟಿಂಗ್ ಅರೌಂಡ್ ದ ಬುಷ್’ ಎಂದು ಗ್ರಾಹಕರಿಗೆ ಹೇಳಿದರೆ ಅದು ಗದರಿಕೆ. ನೇರ ಮಾತಿಗೆ ಸಂಬಂಧಿಸಿದ ಬಹುಪಾಲು ನುಡಿಗಟ್ಟುಗಳು ಹೀಗೆಯೇ, ‘ನಾನು’ ಎಂಬುದರ ಜೊತೆ ಮೃದು, ‘ನೀವು’ ಎಂಬುದರ ಜೊತೆ ಚುರುಕು.

‘ನಾಟ್ ಟು ಮಿನ್ಸ್ ವರ್ಡ್ಸ್’ ಎಂದಾಗ ಮಾಂಸವನ್ನು ಸಣ್ಣಗೆ ಕೊಚ್ಚುವ ಚಿತ್ರವಿದೆ. ಕೊಚ್ಚಿದ್ದನ್ನು ನುಂಗುವುದು ಸುಲಭ, ನಾನು ಹಾಗೆ ಸುಲಭ ಮಾಡಿ ಕೊಡುವುದಿಲ್ಲ ಎಂಬ ಭಾವ ಅದರಲ್ಲಿದೆ. ಆದ್ದರಿಂದ ಅದರ ಹಿಂದೆ ಕಟುವಾದ ಮಾತೇ ಬರುತ್ತದೆಂದು ಕೇಳುವವರು ಸಿದ್ಧರಾಗುತ್ತಾರೆ. ನಮ್ಮ ‘ಕಡ್ಡಿ ಮುರಿದಂತೆ ಹೇಳುವುದು’ ಇದಕ್ಕೆ ಹತ್ತಿರವಾದರೂ ಕಡ್ಡಿಯನ್ನು ಇಂಗ್ಲಿಷಿಗೆ ಒಯ್ಯಲಾಗದು. ‘ಅಬವ್ ಬೋರ್ಡ್’ ಎಂಬುದು ಮಾತಿಗಿಂತ ವ್ಯವಹಾರಕ್ಕೆ ಸಲ್ಲುವಂಥದ್ದು: ಇಸ್ಪೀಟಾಡುವವರ ಕೈ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತಿದ್ದರೆ ಮೋಸವಿಲ್ಲ. ಇಲ್ಲಿನ ‘ಬೋರ್ಡ್’ ಎಂದರೆ ಮೇಜು. ನಮ್ಮೂರುಗಳ ಹಳೆಯ ಹೋಟೆಲುಗಳ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಫಲಕದಲ್ಲಿರುವುದೂ ಅದೇ ಊಟದ ಮೇಜು.

ನಾನು ತುಂಬಾ ಆತಂಕಪಡುವುದು ‘ಕಮ್ ಕ್ಲೀನ್’ ಬಗ್ಗೆ. ಅದು ಬರಿಯ ಪ್ರಾಮಾಣಿಕತೆಯಲ್ಲ, ಮುಚ್ಚಿಟ್ಟದ್ದನ್ನು ಒಪ್ಪಿಕೊಳ್ಳುವುದು. ‘ಐ ವಾಂಟ್ ಟು ಕಮ್ ಕ್ಲೀನ್’ ಎಂದು ನೀವು ಮಾತು ಆರಂಭಿಸಿದರೆ, ಇಷ್ಟು ದಿನ ಏನನ್ನೋ ಬಚ್ಚಿಟ್ಟಿದ್ದಿರಿ ಎಂದು ಎದುರಿನವರು ತಿಳಿಯುತ್ತಾರೆ. ಕೆಲಸದ ಸಭೆಗೆ ‘ಐ ವಿಲ್ ಬಿ ಫ್ರಾಂಕ್ ವಿತ್ ಯು’ ಸಾಕು. ಒಂದು ಕಾಲದ ಗಾಲ್ ನಾಡಿನಲ್ಲಿ, ಅಂದರೆ ಇಂದಿನ ಫ್ರಾನ್ಸಿನ ಸೀಮೆಯಲ್ಲಿ, ಪೂರ್ಣ ಸ್ವಾತಂತ್ರ್ಯವಿದ್ದ ಫ್ರಾಂಕ್ ಜನರ ಹೆಸರಿನಿಂದ ಬಂದ ಪದವದು. ಹಂಗಿಲ್ಲದವನ ಮಾತು ಎಂಬ ಆ ಅರ್ಥ ನನಗೆ ಬಹಳ ಇಷ್ಟ.

ಆದರೂ ನಿಮ್ಮ ಕಷ್ಟದ ಬೇರು ನುಡಿಗಟ್ಟಿನಲ್ಲಿ ಇಲ್ಲವೆಂದು ನನಗೆ ತೋರುತ್ತದೆ. ಕನ್ನಡದಲ್ಲಿ ನಾವು ‘ಆಗಲಿ, ನೋಡೋಣ’ ಎಂದಾಗ ಅದು ಬಹುಮಟ್ಟಿಗೆ ‘ಆಗದು’ ಎಂಬುದೆಂದು ಇಬ್ಬರಿಗೂ ಗೊತ್ತಿರುತ್ತದೆ. ಅದನ್ನೇ ‘ವಿ ವಿಲ್ ಟ್ರೈ’ ಎಂದು ಹೇಳಿದರೆ ಅಮೆರಿಕದವರು ಅದನ್ನು ಭರವಸೆಯೆಂದೇ ಬರೆದುಕೊಳ್ಳುತ್ತಾರೆ. ‘ಇಟ್ ವೋಂಟ್ ಬಿ ರೆಡಿ ಬೈ ವೆನ್ಸ್‌ಡೇ. ವಿ ಕ್ಯಾನ್ ಗಿವ್ ಇಟ್ ಆನ್ ಫ್ರೈಡೇ’ ಎಂಬ ಎರಡು ವಾಕ್ಯಗಳಲ್ಲಿ ಒಂದೂ ನುಡಿಗಟ್ಟಿಲ್ಲ, ಎಲ್ಲವೂ ನೀವು ಪ್ರೌಢಶಾಲೆಯಲ್ಲೇ ಕಲಿತ ಪದಗಳು. ಮುಂದಿನ ಸಭೆಗೆ ಹೋಗುವ ಮುನ್ನ ಇಂಥ ಎರಡು ವಾಕ್ಯಗಳನ್ನು ಬರೆದು, ಗಟ್ಟಿಯಾಗಿ ಮೂರು ಸಲ ಓದಿಕೊಳ್ಳಿ.

ಪ್ರಶ್ನೆ: ಗೆಳೆಯರೆಲ್ಲ ಪ್ರತಿ ಮಾತಿಗೂ ‘ಟು ಬಿ ಆನೆಸ್ಟ್’ ಎನ್ನುತ್ತಾರೆ. ನಾನೂ ರೂಢಿಸಿಕೊಳ್ಳಬೇಕೇ? (ಪದವಿ ವಿದ್ಯಾರ್ಥಿ, ಹಾಸನ)

ಉತ್ತರ: ಬೇಡ. ಕೇಳುವವರಿಗೆ ಹಿತವಾಗದ ಅಭಿಪ್ರಾಯವೊಂದನ್ನು ಹೇಳುವಾಗ, ಉದಾಹರಣೆಗೆ ಸ್ನೇಹಿತ ತಾನು ಬರೆದ ಕಥೆಯನ್ನು ನಿಮ್ಮ ಕೈಗಿತ್ತು ಹೇಗಿದೆ ಎಂದು ಕೇಳಿದಾಗ, ಅದು ಸರಿಯಾದ ಮುನ್ನುಡಿಯಾಗುತ್ತದೆ. ‘ಟು ಬಿ ಆನೆಸ್ಟ್, ಐ ಹ್ಯಾಡ್ ಕಾಫಿ’ ಎಂಬಲ್ಲಿ ಅದಕ್ಕೆ ಕೆಲಸವೇ ಇಲ್ಲ.