ಮ್ಯೂಸಿಯಂಗಿಂತ ಮೊದಲು ನದಿ

ಓದುಗರ ಪತ್ರ: “ಸ್ಪೇನಿನ ಬಿಲ್ಬಾವೊ ನಗರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಒಂದೇ ಒಂದು ಮ್ಯೂಸಿಯಂ ಸತ್ತ ಊರನ್ನು ಬದುಕಿಸಿತು ಎಂದಾದರೆ, ಗಿರಣಿಗಳು ಮುಚ್ಚಿಹೋದ ನಮ್ಮ ದಾವಣಗೆರೆಗೂ ದೊಡ್ಡ ವಾಸ್ತುಶಿಲ್ಪಿಯೊಬ್ಬರಿಂದ ಅಂಥದ್ದೊಂದನ್ನು ಕಟ್ಟಿಸಬಾರದೇಕೆ? ನನ್ನ ತಂದೆ ಗಿರಣಿಯಲ್ಲೇ ದುಡಿದು ನಮ್ಮನ್ನು ಓದಿಸಿದವರು.” — ಓದುಗರೊಬ್ಬರು, ದಾವಣಗೆರೆ

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಿರಣಿ ಕಾರ್ಮಿಕರೊಬ್ಬರ ಮಗ ತನ್ನ ಊರಿಗಾಗಿ ಚಿತ್ರ, ಶಿಲ್ಪಗಳ ಮನೆಯೊಂದನ್ನು ಕೇಳುತ್ತಿರುವುದು ನನಗೆ ತುಂಬಾ ಹಿಡಿಸಿತು. ಆದರೆ ನೀವು ಬಿಲ್ಬಾವೊದ ಕಥೆಯನ್ನು ಕೊನೆಯ ಅಧ್ಯಾಯದಿಂದ ಓದಲು ಶುರುಮಾಡಿದ್ದೀರಿ ಎಂದು ಹೇಳದೆ ವಿಧಿಯಿಲ್ಲ.

ಗುಗೆನ್‌ಹೈಮ್ ಮ್ಯೂಸಿಯಂಗೆ ಸಲ್ಲಬೇಕಾದದ್ದು ಸಲ್ಲಲಿ. ಫ್ರಾಂಕ್ ಗೆರಿ ವಿನ್ಯಾಸಗೊಳಿಸಿದ, ಟೈಟಾನಿಯಂ ಹೊದಿಕೆಯ ಆ ಕಟ್ಟಡ 1997ರ ಅಕ್ಟೋಬರಿನಲ್ಲಿ ತೆರೆದುಕೊಂಡಿತು. ಮೊದಲ ವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಆ ಊರಿನ ಹೆಸರನ್ನೇ ಕೇಳದಿದ್ದವರಿಗೂ ಅದು ಪರಿಚಯವಾಯಿತು.

ಅದಕ್ಕೆ ಮೊದಲು ನಡೆದದ್ದು ಯಾವ ಪೋಸ್ಟ್‌ಕಾರ್ಡಿನಲ್ಲೂ ಕಾಣುವುದಿಲ್ಲ. ಎಂಬತ್ತರ ದಶಕದಲ್ಲಿ ಉಕ್ಕು ಮತ್ತು ಹಡಗು ಉದ್ಯಮಗಳೆರಡೂ ಒಟ್ಟಿಗೇ ಕುಸಿದವು. 1983ರ ಆಗಸ್ಟಿನ ಪ್ರವಾಹಕ್ಕೆ ಹಳೆಯ ಪೇಟೆ ಮುಳುಗಿತು. ಯೂಸ್ಕಾಲ್ಡುನಾ ಹಡಗುಕಟ್ಟೆಯನ್ನು ಉಳಿಸಿಕೊಳ್ಳಲು ಕಾರ್ಮಿಕರು ಬೀದಿಗಿಳಿದು ಪೊಲೀಸರೊಂದಿಗೆ ಸೆಣಸಿದರೂ ಅದು ಉಳಿಯಲಿಲ್ಲ. ನೆರ್ವಿಯೋನ್ ನದಿಯಲ್ಲಿ ಕಾರ್ಖಾನೆಗಳ ಕೊಳಕಿನ ಜೊತೆ ಮನೆಗಳ ಕೊಳಚೆಯೂ ಹರಿಯುತ್ತಿತ್ತು. ಆ ನದಿಯನ್ನು ತೊಳೆಯುವ ಕೆಲಸ ಮ್ಯೂಸಿಯಂ ಯೋಚನೆಗೂ ಮೊದಲೇ ಆರಂಭವಾಗಿ, ದಶಕಗಳ ಕಾಲ, ನೆಲದಡಿಯ ಕೊಳವೆಗಳಲ್ಲಿ, ಯಾರ ಚಪ್ಪಾಳೆಯೂ ಇಲ್ಲದೆ ನಡೆಯಿತು. 1992ರಲ್ಲಿ ಸರ್ಕಾರಿ ಸಂಸ್ಥೆಗಳೆಲ್ಲ ಸೇರಿ ‘ಬಿಲ್ಬಾವೊ ರಿಯಾ 2000’ ಎಂಬ ಕಂಪನಿ ಕಟ್ಟಿಕೊಂಡು, ಪಾಳುಬಿದ್ದ ಬಂದರು ಮತ್ತು ರೈಲ್ವೆ ಜಮೀನನ್ನು ಅದಕ್ಕೆ ಒಪ್ಪಿಸಿದವು. ಅದರಲ್ಲಿ ಸ್ವಲ್ಪ ಭಾಗವನ್ನು ಮಾರಿ ಬಂದ ಹಣದಿಂದಲೇ ನದಿದಂಡೆಯನ್ನು ನಡೆದಾಡುವವರಿಗೆ ಬಿಡಿಸಿಕೊಡಲಾಯಿತು. ನಾರ್ಮನ್ ಫೋಸ್ಟರ್ ವಿನ್ಯಾಸದ ಮೆಟ್ರೋ 1995ರಲ್ಲಿ, ಅಂದರೆ ಮ್ಯೂಸಿಯಂಗಿಂತ ಎರಡು ವರ್ಷ ಮೊದಲು ಓಡಿತು. ಅದರ ಗಾಜಿನ ದ್ವಾರಗಳನ್ನು ಊರವರು ಇಂದಿಗೂ ಅಕ್ಕರೆಯಿಂದ ‘ಫೋಸ್ಟೆರಿಟೊ’ ಎನ್ನುತ್ತಾರೆ.

ನಾನು ಬಿಲ್ಬಾವೊಗೆ ಹೋದಾಗ ಮ್ಯೂಸಿಯಂನಲ್ಲಿ ಕಳೆದದ್ದು ಅರ್ಧ ದಿನ. ಉಳಿದ ಹೊತ್ತೆಲ್ಲ ನನ್ನನ್ನು ಹಿಡಿದಿಟ್ಟದ್ದು 1909ರ ಹಳೆಯ ವೈನ್ ಗೋದಾಮು. ಅದನ್ನು ಕೆಡವದೆ, ಹೊರಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, 2010ರಲ್ಲಿ ಗ್ರಂಥಾಲಯ, ಚಿತ್ರಮಂದಿರ, ಈಜುಕೊಳಗಳಿರುವ ಸಾರ್ವಜನಿಕ ಕೇಂದ್ರವಾಗಿಸಿದ್ದಾರೆ. ಈಜುಕೊಳದ ತಳ ಪಾರದರ್ಶಕ. ಕೆಳಗಿನ ಅಂಗಳದಲ್ಲಿ ನಿಂತು ಕತ್ತೆತ್ತಿದರೆ ನೆತ್ತಿಯ ಮೇಲೆ ಈಜುವವರ ನೆರಳು ಸರಿಯುತ್ತದೆ. ಸಂತೆಚೀಲ ಹಿಡಿದ ಅಜ್ಜಿಯೊಬ್ಬರು ಕಂಬಕ್ಕೆ ಒರಗಿ, ಮೇಲೆ ಈಜುತ್ತಿದ್ದ ಮೊಮ್ಮಗುವನ್ನು ಹುಡುಕುತ್ತಿದ್ದರು. ಅವರ ಬಳಿ ಟಿಕೆಟ್ ಕೇಳುವವರಾಗಲೀ ‘ಇಲ್ಲಿ ನಿಲ್ಲಬೇಡಿ’ ಎನ್ನುವವರಾಗಲೀ ಇರಲಿಲ್ಲ. ಊರು ಬದುಕಿತು ಎನ್ನಲು ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಹಡಗುಕಟ್ಟೆ ಇದ್ದ ಜಾಗದಲ್ಲಿ ಈಗ ಯೂಸ್ಕಾಲ್ಡುನಾ ಹೆಸರಿನದೇ ಸಂಗೀತ ಭವನವಿದೆ. ಅರ್ಧ ಕಟ್ಟಿದ ಹಡಗಿನಂತೆ, ತುಕ್ಕುಬಣ್ಣದ ಉಕ್ಕಿನಲ್ಲಿ ಅದನ್ನು ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಹಡಗುಕಟ್ಟೆಯ ಕೆಂಪು ಕ್ರೇನ್ ‘ಕರೋಲಾ’ ಇದೆ. ಅಲ್ಲಿ ದುಡಿದವರಿಗೆ ಹೋದ ಕೆಲಸ ಮರಳಿ ಬರಲಿಲ್ಲ, ನಿಜ. ಆದರೆ ಅಪ್ಪ ಎಲ್ಲಿ ದುಡಿಯುತ್ತಿದ್ದ ಎಂದು ಮಗ ಬೆರಳಿಟ್ಟು ತೋರಿಸಬಲ್ಲ. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಂತೂ 1985ರಲ್ಲಿ ನಿಂತುಹೋದ ಕಬ್ಬಿಣದ ಕಾರ್ಖಾನೆಯನ್ನೇ ಉದ್ಯಾನ ಮಾಡಿ, ಅನಿಲದ ತೊಟ್ಟಿಗೆ ನೀರು ತುಂಬಿ ಮುಳುಗುಗಾರರಿಗೆ ಬಿಟ್ಟುಕೊಟ್ಟಿದ್ದಾರೆ. ಪ್ರವೇಶ ಉಚಿತ.

ನಮ್ಮಲ್ಲಿ? ಗಿರಣಿ ಮುಚ್ಚಿದ ಮರುದಿನವೇ ಜಮೀನಿನ ಲೆಕ್ಕಾಚಾರ ಶುರುವಾಗುತ್ತದೆ. ಯಂತ್ರಗಳು ಗುಜರಿಗೆ, ಚಿಮಣಿ ನೆಲಕ್ಕೆ, ನೆಲ ಸೈಟುಗಳಿಗೆ. ಸಂಸ್ಕೃತಿಯ ಪಾಲಿಗೆಂದು ಊರಾಚೆ ಒಂದು ರಂಗಮಂದಿರ ಏಳುತ್ತದೆ. ಜಿಲ್ಲಾ ಕೇಂದ್ರವೊಂದರಲ್ಲಿ ನಾಟಕ ನೋಡಲು ಹೋಗಿ, ಬೀಗದ ಕೈ ಇಟ್ಟುಕೊಂಡ ನೌಕರ ರಜೆಯಲ್ಲಿದ್ದಾನೆಂದು ಮುಕ್ಕಾಲು ಗಂಟೆ ಗೇಟಿನ ಹೊರಗೆ ನಿಂತಿದ್ದೇನೆ. ಕೊನೆಗೆ ಕಲಾವಿದರು ಮೆಟ್ಟಿಲ ಮೇಲೆಯೇ ಆಡಿದರು. ಎಷ್ಟೋ ಉದ್ಯಾನವನಗಳೂ ಹಾಗೆಯೇ: ಕೂಲಿಯವನಿಗೆ ನೆರಳು ಬೇಕಾದ ಮಧ್ಯಾಹ್ನವೇ ಅವುಗಳ ಗೇಟು ಮುಚ್ಚಿರುತ್ತದೆ. ಇಷ್ಟರ ನಡುವೆ ಕೋಟಿಗಟ್ಟಲೆ ಸುರಿದು ಹೊಳೆಯುವ ಕಟ್ಟಡವೊಂದನ್ನು ತಂದು ನಿಲ್ಲಿಸಿದರೆ, ಅದಕ್ಕೂ ಒಂದು ಬೀಗ ಬೀಳುತ್ತದೆ, ಅಷ್ಟೇ.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನವರು ನೀವು. ದೊಡ್ಡ ವಾಸ್ತುಶಿಲ್ಪಿಯನ್ನು ಆಮೇಲೆ ಹುಡುಕೋಣ. ಗಿರಣಿಗಳ ಯಾವ ಗೋಡೆ, ಯಾವ ಗೇಟು, ಯಾವ ಗೋದಾಮು ಇನ್ನೂ ನಿಂತಿದೆ ಎಂದು ಒಮ್ಮೆ ತಿರುಗಾಡಿ ನೋಡಿಬನ್ನಿ. ಸಾಧ್ಯವಾದರೆ ತಂದೆಯವರನ್ನೂ ಕರೆದುಕೊಂಡು ಹೋಗಿ. ಅವರು ಯಾವ ಖಾತೆಯಲ್ಲಿದ್ದರು, ಪಾಳಿ ಮುಗಿದ ಮೇಲೆ ಎಲ್ಲಿ ಕೂತು ಚಹಾ ಕುಡಿಯುತ್ತಿದ್ದರು ಎಂಬುದನ್ನು ಬರೆದು ಕಳುಹಿಸಿ. ನಮ್ಮ ಪುಟಗಳಲ್ಲಿ ಅದಕ್ಕೆ ಜಾಗ ಕಾದಿರಿಸಿದ್ದೇನೆ.

— ಸಂಪಾದಕ