ಪ್ರತಿ: ಹೆದ್ದಾರಿಗೆ ಹೋದ ಜಾಗದ ಪರಿಹಾರ ಪಡೆದರೆ ತಕರಾರು ಮಾಡಬಾರದೇ?

ಮಾನ್ಯರೇ, ಕಾಸರಗೋಡು ಜಿಲ್ಲೆಯ ಉಪ್ಪಳದ ಬಳಿಯ ನಿಮ್ಮ ಆರು ಸೆಂಟ್ಸ್ ಜಾಗ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹೋಗಿದ್ದು, ಕಡಿಮೆಯೆನಿಸಿದ ಪರಿಹಾರವನ್ನು ಪಡೆದರೆ ಮುಂದೆ ಪ್ರಶ್ನಿಸುವ ಹಕ್ಕು ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಹಣ ಪಡೆಯಿರಿ, ಆದರೆ ಆಕ್ಷೇಪವನ್ನು ಉಳಿಸಿಕೊಂಡೇ ಪಡೆಯುತ್ತಿದ್ದೇನೆಂದು ಬರೆದುಕೊಟ್ಟು, ನಕಲಿನ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ.

1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಜಿ ಕಲಮಿನಂತೆ, ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರಕಾರ ನೇಮಿಸಿದ ಆರ್ಬಿಟ್ರೇಟರರಿಗೆ (ಮಧ್ಯಸ್ಥಗಾರರಿಗೆ) ಅರ್ಜಿ ಸಲ್ಲಿಸಬಹುದು. ಅಲ್ಲಿ ಲೆಕ್ಕಕ್ಕೆ ಬರುವುದು ಇಂದಿನ ಬೆಲೆಯಲ್ಲ, ಜಾಗ ಸ್ವಾಧೀನಪಡಿಸಿಕೊಳ್ಳುವ ಉದ್ದೇಶವನ್ನು ಸರಕಾರ ಸಾರುವ 3ಎ ಕಲಮಿನ ಅಧಿಸೂಚನೆ ಪ್ರಕಟವಾದ ದಿನದ ಮಾರುಕಟ್ಟೆ ಬೆಲೆ. ಆದುದರಿಂದ ಆ ದಿನಕ್ಕೆ ಸಮೀಪದ, ಅಕ್ಕಪಕ್ಕದ ಜಾಗಗಳ ಕ್ರಯಪತ್ರಗಳ ನಕಲುಗಳನ್ನು ನೋಂದಣಿ ಕಚೇರಿಯಿಂದ ತೆಗೆಸಿಡಿ. ಬೆಲೆಯ ಮೇಲೆ ನೂರಕ್ಕೆ ನೂರು ಸಾಂತ್ವನಧನ, ಅಂದರೆ ಒತ್ತಾಯದಿಂದ ಜಾಗ ಹೋದುದಕ್ಕೆ ಕೊಡುವ ಹೆಚ್ಚುವರಿ ಮೊತ್ತ, ಸೇರಿದೆಯೇ ಎಂಬುದನ್ನೂ ಪರಿಹಾರದ ಆದೇಶದಲ್ಲಿ ನೋಡಿ.

ಹೆಚ್ಚಿನವರು ಮರೆಯುವ ಮಾತೊಂದಿದೆ: ಜಾಗ ತುಂಡಾಗಿ ಉಳಿದ ಭಾಗಕ್ಕಾಗುವ ನಷ್ಟವನ್ನೂ ಅದೇ 3ಜಿ ಕಲಮು ಪರಿಗಣಿಸುತ್ತದೆ. ನಮ್ಮಲ್ಲಿ ಬಾವಿ ರಸ್ತೆಯ ಆಚೆಗಾಗಿ, ಈಚೆ ಉಳಿದ ಅಡಿಕೆ ಗಿಡಗಳು ನೀರಿಲ್ಲದೆ ಒಣಗಿದವು. ಅದನ್ನು ಅರ್ಜಿಯಲ್ಲಿ ಕಾಣಿಸದೆ ನಾವೇ ಎಡವಿದೆವು.

ನೋಟೀಸು ಮಲಯಾಳದಲ್ಲಿದೆಯೆಂದು ಸುಮ್ಮನಿರಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ರಾಜ್ಯ ಸರಕಾರದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆದು, ಕನ್ನಡದಲ್ಲಿಯೇ ಉತ್ತರ ಕೇಳಬಹುದು.