ಕೊಟ್ಟದ್ದೆಷ್ಟು, ಮೈಗೆ ಹತ್ತಿದ್ದೆಷ್ಟು?

ಓದುಗರ ಪ್ರಶ್ನೆಗಳಿಗೆ ಕೊಡಗಿನ ನಿವೃತ್ತ ಸರ್ಕಾರಿ ವೈದ್ಯೆಯೊಬ್ಬರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಾನು ಸಿದ್ದಾಪುರ ಕಡೆಯ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ. ನಮ್ಮಲ್ಲಿ ಹಾಲು, ರಾಗಿ ಮಾಲ್ಟ್, ಬಿಸಿಯೂಟ, ಮೊಟ್ಟೆ ಎಲ್ಲ ಕೊಡುತ್ತಾರೆ. ಆಟದ ಪೀರಿಯಡ್ ಕೂಡ ಇದೆ. ಹೋದ ಸಭೆಯಲ್ಲಿ ಒಬ್ಬರು ಎದ್ದು ನಿಂತು, 'ಇಷ್ಟೆಲ್ಲ ಕೊಟ್ಟು ಮಕ್ಕಳಿಗೆ ಏನು ಉಪಯೋಗ ಆಯ್ತು?' ಎಂದು ಕೇಳಿದರು. ಜೂನ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ತೂಕ ನೋಡಿದ್ದೇವೆ. ಸರಾಸರಿ ಒಂದೂವರೆ ಕಿಲೋ ಏರಿದೆ. ಅದನ್ನು ತೋರಿಸಿದರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ ಅಮ್ಮಾ. ಆದರೆ ತೂಕ ನೋಡಿ ಬರೆದಿಟ್ಟಿದ್ದೀರಲ್ಲ, ಅದೇ ದೊಡ್ಡ ಕೆಲಸ. ಎಷ್ಟೋ ಕಡೆ ಅದೂ ಇರುವುದಿಲ್ಲ.

ಆರರಿಂದ ಹತ್ತು ವರ್ಷದ ಮಗು ಏನೂ ವಿಶೇಷ ಕೊಡದಿದ್ದರೂ ವರ್ಷಕ್ಕೆ ಎರಡರಿಂದ ಮೂರು ಕಿಲೋ ತೂಕ ಏರುತ್ತದೆ, ಐದಾರು ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಎಂಟು ತಿಂಗಳಿಗೆ ಒಂದೂವರೆ ಕಿಲೋ ಅಂದರೆ ಬೆಳೆಯುವ ಮಗು ಬೆಳೆದಿದೆ, ಅಷ್ಟೇ. ಅದರಲ್ಲಿ ಮೊಟ್ಟೆಯ ಪಾಲೆಷ್ಟು, ಹಾಲಿನ ಪಾಲೆಷ್ಟು ಎಂದು ಆ ಒಂದು ಸಂಖ್ಯೆ ಹೇಳುವುದಿಲ್ಲ.

ಅದನ್ನು ತಿಳಿಯಲು ಹೋಲಿಕೆ ಬೇಕು. 2021ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಮೊಟ್ಟೆ ಶುರುವಾದದ್ದು ಕಲ್ಯಾಣ ಕರ್ನಾಟಕದ ಕಡೆಯ ಕೆಲವು ಜಿಲ್ಲೆಗಳಲ್ಲಿ ಮಾತ್ರ. ಆಗ ಯಾದಗಿರಿಯಲ್ಲಿ ಮೊಟ್ಟೆ ಇತ್ತು, ಗದಗದಲ್ಲಿ ಇರಲಿಲ್ಲ. ಎರಡೂ ಕಡೆಯ ಮಕ್ಕಳನ್ನು ತೂಗಿ ಅಳೆದು ನೋಡಿದಾಗ ಯಾದಗಿರಿಯ ಮಕ್ಕಳು ಹೆಚ್ಚು ತೂಕ ಪಡೆದಿದ್ದರು. ಈಗ ಹಾಗೆ ಮಾಡಲು ಬರುವುದಿಲ್ಲ. 2024ರ ಸೆಪ್ಟೆಂಬರ್‌ನಿಂದ ರಾಜ್ಯದ ಎಲ್ಲ ಸರ್ಕಾರಿ, ಅನುದಾನಿತ ಶಾಲೆಗಳಲ್ಲೂ ವಾರಕ್ಕೆ ಆರು ದಿನ ಮೊಟ್ಟೆ. ಕೊಡದ ಶಾಲೆಯನ್ನು ಎಲ್ಲಿಂದ ತರುವುದು? ಹಾಗಾಗಿ ನೀವು ಒಂದೊಂದು ಮಗುವನ್ನೂ ಅದರ ವಯಸ್ಸಿನ ಪಟ್ಟಿಯ ಜೊತೆ ಹೋಲಿಸಿ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 5ರಿಂದ 19 ವರ್ಷದವರಿಗೆ ಬೆಳವಣಿಗೆಯ ಪಟ್ಟಿ ಮಾಡಿದೆ. ಅದರಲ್ಲಿ ನಡುಗೆರೆ, ಮೇಲಿನ ಗೆರೆ, ಕೆಳಗಿನ ಗೆರೆ ಎಂದು ಇವೆ. ಜೂನ್‌ನಲ್ಲಿ ಕೆಳಗಿನ ಗೆರೆಯ ಹತ್ತಿರವಿದ್ದ ಮಗು ಫೆಬ್ರವರಿಗೆ ನಡುಗೆರೆಯ ಕಡೆ ಸರಿದಿದೆಯಾ? ಹಾಗೆ ಸರಿದವರೆಷ್ಟು, ನಿಂತಲ್ಲೇ ನಿಂತವರೆಷ್ಟು, ಕೆಳಗಿಳಿದವರೆಷ್ಟು? ಸಭೆಗೆ ಈ ಲೆಕ್ಕ ಒಯ್ಯಿರಿ. ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡದ ಡಾಕ್ಟರನ್ನೋ ಕೇಳಿದರೆ ಪಟ್ಟಿ ನೋಡುವುದನ್ನು ಹೇಳಿಕೊಡುತ್ತಾರೆ.

ಎರಡು ಸಲವೂ ಅದೇ ಮಕ್ಕಳಿರಬೇಕು. ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಡಿಸೆಂಬರ್‌ನಿಂದ ಕಾಫಿ ಕುಯ್ಲು. ತೋಟದ ಕೂಲಿಯವರ ಲೈನ್ ಮನೆಗಳಿಗೆ ಹೊಸ ಸಂಸಾರಗಳು ಬರುತ್ತವೆ, ಇದ್ದವರು ಇನ್ನೊಂದು ತೋಟಕ್ಕೆ ಹೋಗುತ್ತಾರೆ. ಯರವ, ಪಣಿಯ ಬುಡಕಟ್ಟಿನ ಮಕ್ಕಳಲ್ಲಿ ಕೆಲವರು ಆ ತಿಂಗಳುಗಳಲ್ಲಿ ಶಾಲೆಗೇ ಬರುವುದಿಲ್ಲ. ಸೊರಗಿದ ಮಕ್ಕಳು ಫೆಬ್ರವರಿಯಲ್ಲಿ ಗೈರಾದರೆ ಸರಾಸರಿ ತಾನಾಗಿಯೇ ಏರುತ್ತದೆ. ಅದನ್ನು ನೋಡಿ ಯೋಜನೆ ಗೆದ್ದಿತು ಎಂದರೆ, ಯಾರಿಗೆ ಊಟ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರನ್ನೇ ಲೆಕ್ಕದಿಂದ ಬಿಟ್ಟಂತಾಯಿತು. ನನಗೆ ಇದು ತುಂಬಾ ನೋವಿನ ವಿಷಯ. ಗೈರಾದವರ ಹೆಸರು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ, ಹುಡುಕಿಸಿ.

ತೂಗುವ ರೀತಿಯನ್ನೂ ಗಮನಿಸಿ. ಜೂನ್‌ನಲ್ಲಿ ಮಕ್ಕಳು ಒದ್ದೆ ಸ್ವೆಟರ್ ಹಾಕಿಕೊಂಡೇ ತಕ್ಕಡಿ ಹತ್ತುತ್ತಾರೆ, ಫೆಬ್ರವರಿಯಲ್ಲಿ ಬರೀ ಯೂನಿಫಾರಂ. ಸ್ವೆಟರ್, ಶೂ ಬಿಚ್ಚಿಸಿ. ಎರಡು ಸಲವೂ ಒಂದೇ ತಕ್ಕಡಿ, ಒಂದೇ ಹೊತ್ತು, ಊಟಕ್ಕೆ ಮುಂಚೆ. ಎತ್ತರ ನೋಡುವಾಗ ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗಿರಬೇಕು. ಹುಡುಗಿಯರ ಜಡೆಯನ್ನು ಮೇಲೆತ್ತಿ ಕಟ್ಟಿದ್ದರೆ ಬಿಚ್ಚಿಸಬೇಕು. ಇಲ್ಲದಿದ್ದರೆ ರಿಬ್ಬನ್ ಗಂಟಿನ ಎತ್ತರವೂ ಮಗುವಿನ ಎತ್ತರಕ್ಕೆ ಸೇರಿಬಿಡುತ್ತದೆ.

ಇನ್ನು ಊಟದ ಕಡೆಗೆ ಬರೋಣ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದಿದೆ. ಆರರಿಂದ ಎಂಟನೆಯವರಿಗೆ 150, 30, 75. ಇದು ಉಗ್ರಾಣದಿಂದ ಅಳೆದು ಕೊಡುವ ಲೆಕ್ಕ. ತಟ್ಟೆಯ ಲೆಕ್ಕ ಬೇರೆ. ಒಂದು ದಿನ ಬಡಿಸುವ ಹೊತ್ತಿಗೆ ಹೋಗಿ ಪಕ್ಕದಲ್ಲಿ ನಿಲ್ಲಿ. ಸಾಂಬಾರಿನ ಬಕೆಟ್‌ನಲ್ಲಿ ಬೇಳೆ ತಳಕ್ಕೆ ಇಳಿದಿರುತ್ತದೆ. ಸೌಟನ್ನು ತಳದಿಂದ ತಿರುಗಿಸದೆ ಬಡಿಸಿದರೆ ಮೊದಲ ಸಾಲಿನ ಚಿಕ್ಕ ಮಕ್ಕಳಿಗೆ ಬರೀ ತಿಳಿ, ಕೊನೆಗೆ ಕೂತ ದೊಡ್ಡ ಮಕ್ಕಳಿಗೆ ಬೇಳೆ. ಅಡುಗೆಯಮ್ಮನಿಗೆ ಒಂದು ಮಾತು ಹೇಳಿದರೆ ಇದು ಅಂದೇ ಸರಿಯಾಗುತ್ತದೆ, ದುಡ್ಡೂ ಬೇಡ. ತಟ್ಟೆ ತೊಳೆಯುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರೆ ಯಾವ ತರಕಾರಿ ಕಸಕ್ಕೆ ಹೋಗುತ್ತಿದೆ ಅನ್ನುವುದೂ ಗೊತ್ತಾಗುತ್ತದೆ.

ಮೊಟ್ಟೆಯನ್ನು ಎಲ್ಲರೂ ಅಲ್ಲೇ ತಿನ್ನುತ್ತಾರಾ? ಮೊಟ್ಟೆಯನ್ನು ಲಂಗದ ಜೇಬಿಗೆ ಹಾಕಿಕೊಂಡು ಮನೆಯಲ್ಲಿರುವ ತಮ್ಮನಿಗೆ ಒಯ್ಯುವ ಹುಡುಗಿಯರನ್ನು ನಾನು ಕಂಡಿದ್ದೇನೆ. ದಯವಿಟ್ಟು ಅಂಥ ಮಗುವನ್ನು ಬೈಯಬೇಡಿ. ತಮ್ಮನ ಹೆಸರು ಅಂಗನವಾಡಿಯಲ್ಲಿ ಇದೆಯಾ ಕೇಳಿ, ಇಲ್ಲದಿದ್ದರೆ ಸೇರಿಸಿ. ಆಮೇಲೆ ಅಕ್ಕನ ಮೊಟ್ಟೆ ಅಕ್ಕನ ಹೊಟ್ಟೆಗೇ ಹೋಗುತ್ತದೆ.

ಮಳೆಗಾಲದ ವಿಷಯ ಇನ್ನೂ ಮುಖ್ಯ. ಜೂನ್, ಜುಲೈ, ಆಗಸ್ಟ್‌ನಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನ ಹಾಲೂ ಇಲ್ಲ, ಊಟವೂ ಇಲ್ಲ. ತೋಟದಲ್ಲಿ ಕೆಲಸ ಕಡಿಮೆಯಾಗಿ ಕೂಲಿ ಮನೆಗಳಲ್ಲಿ ಕೈ ಬಿಗಿಯಾಗಿರುವ ಕಾಲವೂ ಅದೇ. ಹಾಗಾಗಿ 'ಶಾಲೆ ಎಷ್ಟು ದಿನ ಊಟ ಕೊಟ್ಟಿತು' ಎಂದು ಎಣಿಸಬೇಡಿ, 'ಈ ಮಗು ಎಷ್ಟು ದಿನ ಉಂಡಿತು' ಎಂದು ಎಣಿಸಿ. ಹಾಜರಿ ಪುಸ್ತಕದಲ್ಲೇ ಉತ್ತರ ಇದೆ. ಜಾಸ್ತಿ ದಿನ ಉಂಡವರು, ಕಡಿಮೆ ದಿನ ಉಂಡವರು ಎಂದು ಬೇರೆ ಮಾಡಿ ಬೆಳವಣಿಗೆ ನೋಡಿದರೆ ನಿಮ್ಮದೇ ಶಾಲೆಯಲ್ಲಿ ಒಂದು ಹೋಲಿಕೆ ಸಿಕ್ಕಂತಾಯಿತು. ಪೂರ್ತಿ ನಂಬುವ ಹಾಗಿಲ್ಲ. ಗೈರಾಗುವ ಮಗುವಿನ ಮನೆಯಲ್ಲಿ ಬೇರೆ ಕಷ್ಟಗಳೂ ಇರುತ್ತವೆ. ಆದರೂ ಬರೀ ಸರಾಸರಿಗಿಂತ ಎಷ್ಟೋ ಮೇಲು.

'ಶಾಲೆಯಲ್ಲಿ ಉಣ್ಣುತ್ತಾರೆ ಅಂತ ಮನೆಯಲ್ಲಿ ಕಡಿಮೆ ಹಾಕುತ್ತಾರೆ' ಎನ್ನುವವರೂ ಇದ್ದಾರೆ. ಮಧ್ಯಪ್ರದೇಶದಲ್ಲಿ ಮಕ್ಕಳ ಇಡೀ ದಿನದ ಊಟ ಕೇಳಿ ಬರೆದುಕೊಂಡ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶಾಲೆಯಲ್ಲಿ ಕೊಟ್ಟ ಪೋಷಕಾಂಶದಲ್ಲಿ ಅರ್ಧದಿಂದ ಪೂರ್ತಿಯವರೆಗೂ ಮಗುವಿನ ದಿನದ ಲೆಕ್ಕಕ್ಕೆ ಹೆಚ್ಚುವರಿಯಾಗಿ ಸೇರಿತ್ತು. 2021ರ ಇನ್ನೊಂದು ಅಧ್ಯಯನದಲ್ಲಿ, ಬಾಲ್ಯದಲ್ಲಿ ಬಿಸಿಯೂಟ ಉಂಡ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರವೂ ಉತ್ತಮವಾಗಿತ್ತು. ಏನು ಉಪಯೋಗ ಎಂದು ಕೇಳಿದವರಿಗೆ ಇದನ್ನು ಖಂಡಿತ ಹೇಳಿ. ಕೆಲವು ಫಲ ಒಂದು ವರ್ಷದ ತಕ್ಕಡಿಗೆ ಸಿಗುವುದಿಲ್ಲ.

ರಕ್ತವನ್ನೂ ನೋಡಿಸಿ. ತೂಕ ಸರಿಯಿದ್ದು ರಕ್ತ ಕಡಿಮೆ ಇರುವ ಮಕ್ಕಳು ಇರುತ್ತಾರೆ. 5ರಿಂದ 11 ವರ್ಷದವರಿಗೆ ಹಿಮೋಗ್ಲೋಬಿನ್ 11.5, 12ರಿಂದ 14ರವರಿಗೆ 12 ಇರಬೇಕು. ವಾರದ ಕಬ್ಬಿಣದ ಮಾತ್ರೆಯನ್ನು ಮಧ್ಯಾಹ್ನ ಊಟವಾದ ಮೇಲೆ ಕೊಡಿ, ಬೆಳಗಿನ ಹಾಲಿನ ಜೊತೆ ಬೇಡ. ನಮ್ಮ ಕಡೆ ಮಕ್ಕಳೂ ಬೆಲ್ಲದ ಕಾಪಿ ಕುಡಿಯುತ್ತಾರಲ್ಲ, ಅದನ್ನು ಊಟದ ಜೊತೆ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳ ಅಂಟುತ್ತದೆ, ಅದು ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಜಂತುಹುಳದ ಮಾತ್ರೆ ಕೊಡುವ ದಿನ ಮಳೆ ರಜೆ ಬಂದರೆ ಬಿಟ್ಟುಹೋದವರಿಗೆ ಇನ್ನೊಂದು ದಿನ ಕೊಡಿಸಿ.

ಪ್ರಶ್ನೆ: ಮೇಡಂ, ನಾನು ನಾಪೋಕ್ಲು ಹತ್ತಿರದ ಶಾಲೆಯೊಂದರಲ್ಲಿ ಪಿಟಿ ಟೀಚರ್. ವರ್ಷವಿಡೀ ಆಡಿಸಿದರೂ ಮಕ್ಕಳ ಬಿಎಂಐನಲ್ಲಿ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ವ್ಯತ್ಯಾಸವೇ ಇಲ್ಲ ಎಂದು ನನ್ನ ಪೀರಿಯಡ್ ಕಡಿಮೆ ಮಾಡುವ ಮಾತು ನಡೆದಿದೆ. ಏನು ಹೇಳಲಿ?

ಉತ್ತರ: ಆಟವನ್ನು ಬಿಎಂಐನಿಂದ ಅಳೆಯುವುದೇ ತಪ್ಪು ಎಂದು ಧೈರ್ಯವಾಗಿ ಹೇಳಿ ಸರ್. ಬೇರೆ ಬೇರೆ ದೇಶಗಳ ಶಾಲಾ ವ್ಯಾಯಾಮದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ ಕೊಕ್ರೇನ್ ಸಂಸ್ಥೆಯ 2021ರ ವಿಮರ್ಶೆಯಲ್ಲೂ ಬಿಎಂಐ ಬದಲಾದದ್ದು ತೀರಾ ಕಡಿಮೆ. ಆದರೆ ದಮ್ಮು, ಅಂದರೆ ದಣಿಯದೆ ಓಡುವ ಶಕ್ತಿ, ಹೆಚ್ಚಾಗಬಹುದು ಎಂದು ಕಂಡಿತು. ಹಾಗಾದರೆ ದಮ್ಮನ್ನೇ ಅಳೆಯಿರಿ. ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿ 600 ಮೀಟರ್ ಓಟ, 50 ಮೀಟರ್ ಓಟ, ಕೂತು ಮುಂದಕ್ಕೆ ಬಾಗುವುದು ಎಲ್ಲ ಇವೆ. ಸ್ಟಾಪ್‌ವಾಚ್ ಇದ್ದರೆ ಓಟಗಳಿಗೆ ಸಾಕು. ಮಳೆ ಮುಗಿದ ಮೇಲೆ ಒಮ್ಮೆ, ವರ್ಷದ ಕೊನೆಗೆ ಒಮ್ಮೆ ಓಡಿಸಿ ಬರೆದಿಡಿ.

ಜೊತೆಗೆ ನಿಮ್ಮ ಪೀರಿಯಡ್ಡನ್ನೂ ಅಳೆಯಿರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರಾಟ ಜೋರಾಗುವಂಥ ಚಟುವಟಿಕೆ ಬೇಕು. ಒಂದು ಪೀರಿಯಡ್‌ನಲ್ಲಿ ನಾಲ್ಕು ಮಕ್ಕಳನ್ನು ಆರಿಸಿಕೊಂಡು ನಿಮಿಷಕ್ಕೊಮ್ಮೆ ನೋಡಿ. ಓಡುತ್ತಿದ್ದರೆ ಒಂದು ಗೀಟು, ನಿಂತಿದ್ದರೆ ಇನ್ನೊಂದು. ಒಂದೇ ಚೆಂಡಿಗೆ ಇಡೀ ತರಗತಿ ಸಾಲು ನಿಂತಿದ್ದರೆ ಗೀಟುಗಳೇ ಹೇಳುತ್ತವೆ. ದೊಡ್ಡ ಹುಡುಗಿಯರು ಜಗಲಿಯಲ್ಲಿ ಕೂತಿದ್ದರೆ ಅವರದ್ದೂ ಬರೆಯಿರಿ.

ನಮ್ಮದು ಹಾಕಿಯ ಜಿಲ್ಲೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಬಗ್ಗೆ ನಮಗೆಲ್ಲ ಹೆಮ್ಮೆ. ಆದರೆ ಶಾಲೆಯ ತಂಡದ ಹನ್ನೊಂದು ಮಂದಿ ಚೆನ್ನಾಗಿ ಆಡಿದರೆ ಶಾಲೆಯ ಮಕ್ಕಳೆಲ್ಲ ಗಟ್ಟಿಯಾದರು ಅಂತಲ್ಲ. ಗೆದ್ದ ಕಪ್ ಕಪಾಟಿನಲ್ಲಿರಲಿ, ಲೆಕ್ಕ ಉಳಿದ ಮಕ್ಕಳದ್ದೂ ಬರಲಿ. ಆನೆಯ ಭಯಕ್ಕೆ ಈಗ ತೋಟದ ದಾರಿಯಲ್ಲಿ ನಡೆದು ಬರುವ ಮಕ್ಕಳೂ ಕಡಿಮೆ, ಜೀಪು, ಆಟೋದಲ್ಲಿ ಬರುತ್ತಾರೆ. ಮೊದಲು ಆ ನಡಿಗೆಯೇ ವ್ಯಾಯಾಮವಾಗಿತ್ತು. ಅದು ತಪ್ಪಿದ ಮೇಲೆ ನಿಮ್ಮ ಪೀರಿಯಡ್ ಜಾಸ್ತಿ ಬೇಕೇ ಹೊರತು ಕಡಿಮೆ ಅಲ್ಲ. ಮಳೆಯ ದಿನಗಳಲ್ಲಿ ಜಗಲಿಯಲ್ಲಿ ಹಗ್ಗದಾಟ, ಮೆಟ್ಟಿಲು ಹತ್ತಿ ಇಳಿಯುವುದು, ಕೋಲಾಟ, ಕೊಡವರ ಕುಣಿತವಾದ ಉಮ್ಮತ್ತಾಟ್ ಆಡಿಸಿ. ಬೆವರು ಬರಬೇಕು, ಅಷ್ಟೇ.

ಪ್ರಶ್ನೆ: ನಾವು ಮಡಿಕೇರಿಯಲ್ಲಿದ್ದೇವೆ. ಮಗಳಿಗೆ ಈಗಷ್ಟೇ 12 ತುಂಬಿದೆ. ಖಾಸಗಿ ಶಾಲೆಯೊಂದರ ಹೆಲ್ತ್ ಕಾರ್ಡ್‌ನಲ್ಲಿ 'ಓವರ್‌ವೇಟ್' ಎಂದು ಬರೆದಿದ್ದಾರೆ, ಕ್ಲಾಸಿನಲ್ಲಿ ಓದಿಯೂ ಹೇಳಿದರಂತೆ. ಅವತ್ತಿನಿಂದ ರಾತ್ರಿ ಊಟ ಬಿಟ್ಟಿದ್ದಾಳೆ.

ಉತ್ತರ: ಓದುವಾಗ ಬೇಸರವಾಯಿತು. ತೂಕ ಮಗುವಿಗೂ ಅಪ್ಪ ಅಮ್ಮನಿಗೂ ಮಾತ್ರ ತಿಳಿಯಬೇಕಾದ ವಿಷಯ. ಶಾಲೆಗೆ ಹೋಗಿ ಇದನ್ನು ನೇರವಾಗಿ ಹೇಳಿ. ಆರೋಗ್ಯದ ಹೆಸರಿನಲ್ಲಿ ಮಾಡಿದ ಕೆಲಸದಿಂದ ಒಂದು ಮಗು ಊಟ ಬಿಟ್ಟರೆ ಅದೂ ಆ ಕಾರ್ಯಕ್ರಮದ ಫಲಿತಾಂಶವೇ, ಅದನ್ನೂ ಅವರು ಲೆಕ್ಕಕ್ಕೆ ಹಿಡಿಯಬೇಕು.

ಕಾರ್ಡ್‌ನಲ್ಲಿ ಬಿಎಂಐ ಎಷ್ಟಿದೆ ನೋಡಿ. ದೊಡ್ಡವರ ಅಳತೆ ಮಕ್ಕಳಿಗೆ ಬರುವುದಿಲ್ಲ. 12 ತುಂಬಿದ ಹುಡುಗಿಗೆ 20.8 ದಾಟಿದರೆ ಓವರ್‌ವೇಟ್, 25 ದಾಟಿದರೆ ಬೊಜ್ಜು. ಈ ವಯಸ್ಸಿನಲ್ಲಿ ಮೈ ತುಂಬಿಕೊಳ್ಳುವುದು ಸಹಜ, ಅದನ್ನು ಅವಳಿಗೆ ಅಮ್ಮ ಹೇಳಲಿ. ಊಟದಲ್ಲಿ ಏನನ್ನೂ ಕಿತ್ತುಕೊಳ್ಳಬೇಡಿ. ಅಕ್ಕಿ ರೊಟ್ಟಿ, ಸೊಪ್ಪು, ಕಾಳು, ಮೊಟ್ಟೆ ಎಲ್ಲರ ಜೊತೆ ಕೂತು ತಿನ್ನಲಿ. ಬೇಡವಾದದ್ದು ಶಾಲೆ ಬಿಟ್ಟ ಮೇಲಿನ ಪಫ್ಸು, ಕೂಲ್ ಡ್ರಿಂಕ್ಸು. ಜಾಸ್ತಿ ಕೊಬ್ಬು, ಉಪ್ಪು, ಸಕ್ಕರೆಯ ತಿಂಡಿಗಳನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮವೇ ಇದೆ. ಪೋಷಕರ ಸಭೆಯಲ್ಲಿ ಅದನ್ನು ಕೇಳಿ.

ಇನ್ನೊಂದು ವಾರದಲ್ಲೂ ಅವಳು ಸರಿಯಾಗಿ ಉಣ್ಣದಿದ್ದರೆ, ತಲೆ ಸುತ್ತು ಬಂದರೆ, ತಿಂದ ಮೇಲೆ ಬಾತ್‌ರೂಮಿಗೆ ಓಡುತ್ತಿದ್ದರೆ ಕಾಯಬೇಡಿ. ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಶಾಲೆಯ ಕಾರ್ಡನ್ನೂ ತೋರಿಸಿ.